ಮುಖಕ್ಕೆ ಕೂರದ ಮಾಸ್ಕಿಗೆ ಡಿಸ್ಕೌಂಟ್ ಎಷ್ಟಿದ್ದರೇನು?

ಸಮುದ್ರವೇ ಇಲ್ಲದ ಊರಲ್ಲಿ ಕೂತು ಸ್ಕೂಬಾ ಡೈವಿಂಗ್ ಅಂಗಡಿಗಳ ಬಗ್ಗೆ ಮಾತಾಡೋಕೆ ಹೊರಟಿದ್ದೀನಿ, ನಗಬೇಡಿ. ಗುರುಗ್ರಾಮ, ನೋಯ್ಡಾದಲ್ಲಿರೋ ನಮ್ಮವರು ಲಾಂಗ್ ವೀಕೆಂಡ್ ಸಿಕ್ಕಿದ್ರೆ ಅಂಡಮಾನ್‌ಗೆ ಹೋಗ್ತಾರೆ. ಊರಿಗೆ ರಜೆ ಹಾಕಿ ಹೋದವರು ಮುರ್ಡೇಶ್ವರದಲ್ಲಿ ದೋಣಿ ಹತ್ತಿ ನೇತ್ರಾಣಿಗೆ ಹೋಗ್ತಾರೆ. ಹೊರಡೋ ಮುಂಚೆ ಎಲ್ಲರದ್ದೂ ಒಂದೇ ಪ್ರಶ್ನೆ: "ಮಾಸ್ಕ್ ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಬರುತ್ತೆ, ಅಂಗಡಿಗೆ ಯಾಕೆ ಹೋಗ್ಬೇಕು?" ಇವತ್ತಿನ ಮಾತು ಅದರ ಬಗ್ಗೆ.

ಮೊದಲು ದೆಹಲಿಯ ಡೈವ್ ಅಂಗಡಿ ಅಂದ್ರೆ ಏನು ಅಂತ ಹೇಳ್ತೀನಿ. ದೊಡ್ಡ ಶೋರೂಮ್ ಕಲ್ಪಿಸಿಕೊಳ್ಳಬೇಡಿ. ನಾನು ನೋಡಿರೋ ಮಟ್ಟಿಗೆ ಅದು ಒಬ್ಬ ಇನ್‌ಸ್ಟ್ರಕ್ಟರ್, ಒಂದು ರೂಮು, ಎರಡು ಕಪಾಟು ಸಾಮಾನು, ಜೊತೆಗೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದ ಈಜುಕೊಳ. ಪಾಠ ಮತ್ತು ಕೊಳದ ಅಭ್ಯಾಸ ಇಲ್ಲಿ ಆಗುತ್ತೆ. ಸಮುದ್ರದ ನಾಲ್ಕು ಡೈವ್‌ಗಳನ್ನ ನೀವು ಬೇರೆ ಕಡೆ ಹೋಗಿ ಮುಗಿಸ್ತೀರಿ. ಇದಕ್ಕೆ ರೆಫರಲ್ ಅಂತಾರೆ. ಪ್ಯಾಡಿ ಸಂಸ್ಥೆಯ ಪದ್ಧತಿಯಲ್ಲಿ ಆ ರೆಫರಲ್ 12 ತಿಂಗಳು ನಡೆಯುತ್ತೆ. ಅಂದ್ರೆ ಏನಾಯ್ತು? ಹ್ಯಾವ್‌ಲಾಕ್‌ನಲ್ಲೋ ಮುರ್ಡೇಶ್ವರದಲ್ಲೋ ಇರೋ ಡೈವ್ ಸೆಂಟರಿಗೆ ದಿನಾ ದೋಣಿ ಹೊರಡುತ್ತೆ, ದಿನಾ ದುಡ್ಡು ಬರುತ್ತೆ. ದೆಹಲಿಯವನಿಗೆ ಆ ಆದಾಯ ಇಲ್ಲ. ಅವನಿಗೆ ಉಳಿಯೋದು ಕೊಳದ ಪಾಠದ ಫೀಸು, ಮತ್ತೆ ಸಾಮಾನು ಮಾರಿದ್ರೆ ಸಿಗೋ ಮಾರ್ಜಿನ್ನು. ಆನ್‌ಲೈನ್ ಕೈ ಹಾಕಿದ್ದು ಸರಿಯಾಗಿ ಆ ಮಾರ್ಜಿನ್ನಿಗೇ.

ಈಗ ಮಾಸ್ಕ್ ವಿಷಯಕ್ಕೆ ಬರೋಣ. ಈಜೋವಾಗ ಹಾಕೋ ಗಾಗಲ್ಸ್ ಬೇರೆ, ಡೈವಿಂಗ್ ಮಾಸ್ಕ್ ಬೇರೆ. ಆಳಕ್ಕೆ ಇಳೀತಾ ಇದ್ದ ಹಾಗೆ ನೀರಿನ ಒತ್ತಡ ಜಾಸ್ತಿ ಆಗುತ್ತೆ, ಮಾಸ್ಕಿನೊಳಗಿನ ಗಾಳಿ ಕುಗ್ಗುತ್ತೆ, ಮಾಸ್ಕ್ ಮುಖವನ್ನ ಹೀರಿ ಹಿಡ್ಕೊಳ್ಳುತ್ತೆ. ಆಗ ಮೂಗಿನಿಂದ ಸ್ವಲ್ಪ ಗಾಳಿ ಊದಿ ಸರಿ ಮಾಡ್ಬೇಕು. ಅದಕ್ಕೇ ಡೈವಿಂಗ್ ಮಾಸ್ಕಿನೊಳಗೆ ಮೂಗೂ ಇರುತ್ತೆ. ಗಾಗಲ್ಸ್ ಹಾಕಿ ಇಳಿದ್ರೆ ಕಣ್ಣಿನ ಸಣ್ಣ ರಕ್ತನಾಳಗಳು ಒಡೀಬಹುದು. ಮುಖ ಪೂರ್ತಿ ಮುಚ್ಚೋ ಸ್ನಾರ್ಕಲ್ ಮಾಸ್ಕ್‌ಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗ್ತವೆ, ನೋಡೋಕೂ ಚೆಂದ. ಅವು ನೀರಿನ ಮೇಲೆ ತೇಲೋಕೆ ಮಾತ್ರ, ಸ್ಕೂಬಾಗೆ ಅಲ್ಲ. ಹುಡುಕಿದ್ರೆ ಈ ಮೂರೂ ಒಂದೇ ಪುಟದಲ್ಲಿ ಅಕ್ಕಪಕ್ಕ ಬರ್ತವೆ.

ಸರಿ, ಸರಿಯಾದ ಮಾಸ್ಕನ್ನೇ ಆರಿಸಿದ್ರಿ ಅಂತಿಟ್ಕೊಳ್ಳಿ. ಅದು ನಿಮ್ಮ ಮುಖಕ್ಕೆ ಕೂರ್ಬೇಕಲ್ಲ? ಪಟ್ಟಿ ಹಾಕ್ದೆ ಮಾಸ್ಕನ್ನ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರು ಎಳ್ಕೊಳ್ಳಿ, ಕೈ ಬಿಡಿ. ಬೀಳದೆ ನಿಂತ್ರೆ ಅದು ನಿಮ್ಮದು. ಸುಂಯ್ ಅಂತ ಗಾಳಿ ನುಗ್ಗಿದ್ರೆ ಇನ್ನೊಂದು ನೋಡಿ. ಒಳ್ಳೆ ಅಂಗಡಿಯವನು ಐದಾರು ಮಾಸ್ಕ್ ಹೀಗೆ ಹಾಕಿ ತೋರಿಸ್ತಾನೆ. ಮೀಸೆ ಇರೋವ್ರಿಗೆ ಇನ್ನೂ ಕಷ್ಟ. ಸಿಲಿಕೋನ್ ಅಂಚು ಕೂರೋ ಜಾಗದಲ್ಲೇ ಕೂದಲಿದ್ರೆ ನೀರು ಒಳಗೆ ಬರುತ್ತೆ. ನಮ್ಮ ಕಡೆ ಮೀಸೆ ತೆಗಿ ಅಂದ್ರೆ ಯಾರು ಒಪ್ತಾರೆ? ಅಂಚಿನ ಮೇಲೆ ಒಂದು ಸಣ್ಣ ಗೆರೆಯಷ್ಟು ಜಾಗ ಬೋಳಿಸಿದ್ರೆ ಸಾಕು ಅಂತ ಅಂಗಡಿಯವನು ಹೇಳ್ತಾನೆ. ಇದನ್ನ ಯಾವ ಆಪೂ ಹೇಳಲ್ಲ. ಅಲ್ಲಿ ಐದು ಸ್ಟಾರ್ ಕೊಟ್ಟವನ ಮುಖ ನಿಮ್ಮದಲ್ಲವಲ್ಲ.

ವಾಪಸ್ ಕಳಿಸಬಹುದಲ್ಲ ಅಂತೀರಿ. ಯಾವಾಗ? ಸಾಮಾನು ಬಂದ ವಾರದೊಳಗೆ. ನೀವು ನೀರಿಗಿಳಿಯೋದು ತಿಂಗಳಾದ ಮೇಲೆ. ಸೋರುತ್ತೆ ಅಂತ ಗೊತ್ತಾಗೋದು ನೇತ್ರಾಣಿಯ ಪಕ್ಕದಲ್ಲಿ, ಆಗ ಕಸ್ಟಮರ್ ಕೇರಿಗೆ ಫೋನ್ ಮಾಡೋಕೆ ಆಗಲ್ಲ.

ಮಾಸ್ಕ್ ಸೋರಿದ್ರೆ ಕಿರಿಕಿರಿ, ಒಂದು ಡೈವ್ ಹಾಳು. ರೆಗ್ಯುಲೇಟರ್ ಕೆಟ್ರೆ ಹಾಗಲ್ಲ. ಕಾರಿನ ಟೈರಲ್ಲಿ ಇರೋದು ಹೆಚ್ಚು ಕಡಿಮೆ 2 ಬಾರ್ ಒತ್ತಡ. ತುಂಬಿದ ಡೈವಿಂಗ್ ಸಿಲಿಂಡರಿನಲ್ಲಿ ಸುಮಾರು 200 ಬಾರ್. ಅದನ್ನ ನಿಮ್ಮ ಬಾಯಿ ತಡೆಯೋ ಹಾಗೆ ಇಳಿಸಿ ಕೊಡೋದು ರೆಗ್ಯುಲೇಟರ್. ಅದರೊಳಗಿನ ರಬ್ಬರ್ ಉಂಗುರ, ಸ್ಪ್ರಿಂಗು, ವಾಲ್ವು ಎಲ್ಲ ಸವೆಯೋ ವಸ್ತುಗಳು. ಕಂಪನಿ ಹೇಳಿದ ಅವಧಿಗೆ, ಸಾಮಾನ್ಯವಾಗಿ ವರ್ಷಕ್ಕೋ ಎರಡು ವರ್ಷಕ್ಕೋ ಒಂದ್ಸಲ, ತರಬೇತಿ ಪಡೆದವರು ಬಿಚ್ಚಿ ಸರ್ವಿಸ್ ಮಾಡ್ಬೇಕು. ಎಷ್ಟೋ ಕಂಪನಿಗಳು ಅಧಿಕೃತ ಡೀಲರ್ ಹತ್ರ ಕೊಂಡಿದ್ರೆ ಮಾತ್ರ ವಾರಂಟಿ ಕೊಡ್ತವೆ. ಆನ್‌ಲೈನ್‌ನಲ್ಲಿ ಕೊಂಡದ್ದನ್ನ ಸರ್ವಿಸಿಗೆ ತಗೊಂಡು ಹೋಗೋದು ಮತ್ತೆ ಅದೇ ಅಂಗಡಿಗೆ, ಅದಿನ್ನೂ ತೆರೆದಿದ್ರೆ.

ಅಂಗಡಿಗೆ ಹೋಗಿ ಮುಕ್ಕಾಲು ಗಂಟೆ ಎಲ್ಲ ಮಾಸ್ಕ್ ಹಾಕಿ ನೋಡಿ, ಮಾಡೆಲ್ ಹೆಸರು ಫೋಟೋ ಹೊಡ್ಕೊಂಡು, ಮೆಟ್ರೋದಲ್ಲಿ ವಾಪಸ್ ಬರ್ತಾನೇ ಆರ್ಡರ್ ಮಾಡೋವ್ರು ಇದ್ದಾರೆ. ಆ ಮುಕ್ಕಾಲು ಗಂಟೆಗೆ ದುಡ್ಡು ಕೊಟ್ಟವರು ಯಾರು? ಅಂಗಡಿಯವನು.

ಈ ಜಗಳ ಹೊಸದೇನಲ್ಲ. 2007ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಲೀಜಿನ್ ಅನ್ನೋ ಚರ್ಮದ ಸಾಮಾನಿನ ಕಂಪನಿಯ ಕೇಸು ಬಂತು. ತನ್ನ ಸಾಮಾನನ್ನ ಇಷ್ಟಕ್ಕಿಂತ ಕಡಿಮೆಗೆ ಮಾರಬಾರದು ಅಂತ ಕಂಪನಿ ಅಂಗಡಿಗಳಿಗೆ ಕಟ್ಟು ಹಾಕಬಹುದಾ ಅನ್ನೋದು ಪ್ರಶ್ನೆ. 5-4 ಬಹುಮತದಲ್ಲಿ ಕೋರ್ಟ್ ಹೇಳಿತು, ಅದು ಎಲ್ಲಾ ಸಲವೂ ತಪ್ಪಲ್ಲ, ಸಂದರ್ಭ ನೋಡ್ಬೇಕು ಅಂತ. ಕೊಟ್ಟ ಕಾರಣಗಳಲ್ಲಿ ಒಂದು ಇದೇ: ಒಬ್ಬ ಖರ್ಚು ಮಾಡಿ ಗಿರಾಕಿಗೆ ತೋರಿಸಿ ವಿವರಿಸ್ತಾನೆ, ಇನ್ನೊಬ್ಬ ಆ ಖರ್ಚಿಲ್ಲದೆ ಅಗ್ಗಕ್ಕೆ ಮಾರ್ತಾನೆ. ಭಾರತದಲ್ಲಿ ಈ ದಾರಿ ಸಲೀಸಲ್ಲ. 2021ರ ಆಗಸ್ಟ್‌ನಲ್ಲಿ ಡೀಲರ್‌ಗಳು ಕೊಡೋ ಡಿಸ್ಕೌಂಟಿಗೆ ಕಡಿವಾಣ ಹಾಕಿದ್ದಕ್ಕೆ ಮಾರುತಿ ಸುಜುಕಿಗೆ ಸ್ಪರ್ಧಾ ಆಯೋಗ 200 ಕೋಟಿ ರೂಪಾಯಿ ದಂಡ ಹಾಕಿತು, ಕಂಪನಿ ಮೇಲ್ಮನವಿ ಹೋಯ್ತು.

ಇನ್ನೊಂದು ಕೇಸು ನಮಗೆ ಇನ್ನೂ ಹತ್ತಿರದ್ದು. ದೆಹಲಿ ವ್ಯಾಪಾರ್ ಮಹಾಸಂಘ ಅಂತ ಇಲ್ಲಿನ ವರ್ತಕರ ಸಂಘ. ಅಮೆಜಾನ್, ಫ್ಲಿಪ್‌ಕಾರ್ಟ್ ತಮಗೆ ಬೇಕಾದ ಕೆಲವೇ ಮಾರಾಟಗಾರರನ್ನ ಮುಂದೆ ತರ್ತವೆ, ಮೊಬೈಲ್‌ಗಳನ್ನ ತಮ್ಮಲ್ಲಿ ಮಾತ್ರ ಬಿಡುಗಡೆ ಮಾಡಿಸ್ಕೊಳ್ತವೆ, ವಿಪರೀತ ಡಿಸ್ಕೌಂಟ್ ಕೊಡ್ತವೆ ಅಂತ ಅವರ ದೂರು. 2020ರ ಜನವರಿ 13ರಂದು ಸ್ಪರ್ಧಾ ಆಯೋಗ ತನಿಖೆಗೆ ಆದೇಶಿಸಿತು. ಕಂಪನಿಗಳು ಎಲ್ಲಿಗೆ ಹೋದ್ವು? ಬೆಂಗಳೂರಿಗೆ, ನಮ್ಮ ಕರ್ನಾಟಕ ಹೈಕೋರ್ಟಿಗೆ. ಫೆಬ್ರವರಿಯಲ್ಲಿ ತಡೆ ಸಿಕ್ಕಿತು. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠ ಅರ್ಜಿ ವಜಾ ಮಾಡಿತು, ಜುಲೈನಲ್ಲಿ ವಿಭಾಗೀಯ ಪೀಠವೂ ಮೇಲ್ಮನವಿ ವಜಾ ಮಾಡಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ತನಿಖೆ ತಡೆಯಲಿಲ್ಲ. ಆಮೇಲೆ ಮತ್ತೆ ಬೇರೆ ಬೇರೆ ಹೈಕೋರ್ಟುಗಳಲ್ಲಿ ಅರ್ಜಿ ಬಿದ್ವು. 2025ರ ಜನವರಿಯಲ್ಲಿ ಅವೆಲ್ಲವನ್ನೂ ಸುಪ್ರೀಂ ಕೋರ್ಟ್ ಕರ್ನಾಟಕ ಹೈಕೋರ್ಟಿಗೇ ಕಳಿಸಿತು. ದೂರು ದೆಹಲಿಯ ಅಂಗಡಿಯವರದ್ದು, ವಿಚಾರಣೆ ಬೆಂಗಳೂರಲ್ಲಿ. 2007ರಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರೋಕೆ ಶುರು ಮಾಡಿದ್ದೂ ಬೆಂಗಳೂರಲ್ಲೇ. ಈ ಮಾತು ಕೇಳ್ತಿರೋರಲ್ಲೂ ಆ ಆಪ್‌ಗಳಿಗೆ ಕೋಡ್ ಬರೆದವರು ಇರ್ತೀರಿ.

ಆದ್ರೆ ಒಂದು ಮಾತು ಹೇಳ್ಬೇಕು. ವರ್ತಕರು ಆ ಕೇಸನ್ನ ಪೂರ್ತಿ ಗೆದ್ರೂ ಡೈವ್ ಅಂಗಡಿಯವನಿಗೆ ಹೆಚ್ಚೇನೂ ಸಿಗಲ್ಲ ಅಂತ ನನ್ನ ಲೆಕ್ಕ. ಅಲ್ಲಿರೋ ಜಗಳ ಯಾರು ಮಾರಬೇಕು, ಯಾವ ಷರತ್ತಲ್ಲಿ ಅನ್ನೋದು. ಇವನ ಕಷ್ಟ ಬೇರೆ. ಇವನು ಎರಡು ವಸ್ತು ಮಾರ್ತಾನೆ, ಒಂದಕ್ಕೆ ಮಾತ್ರ ಬೆಲೆ ಚೀಟಿ ಅಂಟಿಸ್ತಾನೆ. ಮಾಸ್ಕಿಗೆ ಬೆಲೆ ಇದೆ, ಮುಖಕ್ಕೆ ಕೂರಿಸಿ ಕೊಡೋ ಬುದ್ಧಿಗೆ ಬೆಲೆ ಇಲ್ಲ. ಅಂಗಡಿಯವರು ಫಿಟ್ಟಿಂಗಿಗೇ ಒಂದು ಫೀಸು ಇಡಬೇಕು, ಅಲ್ಲೇ ಕೊಂಡವರಿಗೆ ಬಿಲ್ಲಲ್ಲಿ ಕಳೀಬೇಕು. ಆನ್‌ಲೈನ್‌ನಲ್ಲಿ ತಂದ ಸಾಮಾನನ್ನ ಕೊಳದಲ್ಲಿ ಪರೀಕ್ಷೆ ಮಾಡಿಸೋಕೂ ಒಂದು ರೇಟ್ ಇರಲಿ, ಮುಖ ಸಿಂಡರಿಸದೆ ಮಾಡಿಕೊಡಲಿ. ಗಿರಾಕಿ ಓಡಿಹೋಗ್ತಾನೆ ಅನ್ನೋ ಭಯ ಅವರಿಗೆ. ಗಂಟೆ ಲೆಕ್ಕದಲ್ಲಿ ಕ್ಲೈಂಟಿಗೆ ಬಿಲ್ ಹಾಕೋ ನಾವು ಇನ್ನೊಬ್ಬರ ಗಂಟೆಗೆ ದುಡ್ಡು ಕೊಡೋಕೆ ಹಿಂದೆಮುಂದೆ ನೋಡ್ತೀವಿ, ನೋಡಿ.

ಎಲ್ಲವನ್ನೂ ಅಂಗಡೀಲೇ ಕೊಳ್ಳಿ ಅಂತ ನಾನು ಹೇಳಲ್ಲ. ಅಂಗಡಿ ಬೆಲೆ ಜಾಸ್ತಿ ಇರೋದಕ್ಕೆ ಕಾರಣ ಬರೀ ದುರಾಸೆ ಅಲ್ಲ. ಸಾಮಾನು ಬಹುತೇಕ ಆಮದು, ಸುಂಕ ಇದೆ, ಮಾರಾಟ ನಿಧಾನ. ಆದ್ರೂ ಕೆಲವು ಅಂಗಡಿಗಳು ಮೊದಲ ದಿನವೇ ಪೂರ್ತಿ ಸೆಟ್ ತಲೆಗೆ ಕಟ್ಟೋಕೆ ನೋಡ್ತವೆ, ಅದೂ ನಿಜ. ಕಲಿಯೋವಾಗ ರೆಗ್ಯುಲೇಟರ್, ಜಾಕೆಟ್ ಎಲ್ಲ ಬಾಡಿಗೆಗೆ ಸಿಗುತ್ತೆ, ಕೊಳ್ಳಲೇಬೇಡಿ. ಬ್ಯಾಗು, ಟಾರ್ಚು, ಟವೆಲ್ಲು ಎಲ್ಲಿ ಅಗ್ಗವೋ ಅಲ್ಲಿ ತಗೊಳ್ಳಿ. ಮಾಸ್ಕ್ ಮಾತ್ರ ಮುಖಕ್ಕೆ ಹಾಕಿ ನೋಡಿಯೇ ತಗೊಳ್ಳಿ, ನೋಡಿದ ಕಡೆಯೇ ತಗೊಳ್ಳಿ.

ಕನ್ನಡಕ ಹಾಕೋವ್ರು, ಅಂದ್ರೆ ನಮ್ಮಲ್ಲಿ ಮುಕ್ಕಾಲು ಪಾಲು ಜನ, ಕಣ್ಣಿನ ಚೀಟಿ ಜೊತೆಗೆ ಒಯ್ಯಿರಿ. ಕನ್ನಡಕದ ಮೇಲೆ ಮಾಸ್ಕ್ ಕೂರಲ್ಲ, ಆದ್ರೆ ಕೆಲವು ಮಾಡೆಲ್‌ಗಳಿಗೆ ಪವರ್ ಗಾಜು ಹಾಕಿಸಬಹುದು, ಯಾವುದಕ್ಕೆ ಅಂತ ಅಂಗಡಿಯವನಿಗೆ ಗೊತ್ತಿರುತ್ತೆ. ಹೊಸ ಮಾಸ್ಕಿನ ಗಾಜಿನ ಮೇಲೆ ಕಣ್ಣಿಗೆ ಕಾಣದ ತೆಳು ಪದರ ಇರುತ್ತೆ, ಬಿಳಿ ಟೂತ್‌ಪೇಸ್ಟ್ ಹಚ್ಚಿ ಚೆನ್ನಾಗಿ ಉಜ್ಜಿ ತೊಳೀದಿದ್ರೆ ಮಂಜು ಕಟ್ಟುತ್ತೆ. ನೇತ್ರಾಣಿ ಕಡೆ ಮಳೆಗಾಲದಲ್ಲಿ ಡೈವಿಂಗ್ ನಿಲ್ಲುತ್ತೆ, ಮತ್ತೆ ಶುರುವಾಗೋದು ಅಕ್ಟೋಬರ್ ಹೊತ್ತಿಗೆ. ಹಾಗಾಗಿ ಆಗಸ್ಟ್‌ನಲ್ಲಿ, ಅಂಗಡಿಯವನಿಗೆ ಪುರುಸೊತ್ತು ಇರೋವಾಗ ಹೋಗಿ. ಹೋಗೋ ಮುಂಚೆ ಒಂದು ಫೋನ್ ಮಾಡಿ, ಅವನು ಕೊಳದ ಹತ್ರ ಇರಬಹುದು.