ಕಿವಿಯೋಲೆಯ ಕಸಬು: ಕೈಕೆಲಸವೂ ಲೆಕ್ಕವೂ

(ಅಮರಗೋಳದಲ್ಲಿ ಕೂಡಿದ್ದ ರೈತರ ಹಾಗೂ ಮಹಿಳಾ ಸಂಘಗಳವರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ಒಕ್ಕಲುತನದ ಡಿಪ್ಲೊಮಾ ಓದಿದವನು. ಬೀಜ, ಗೊಬ್ಬರ, ಕೀಡೆಗಳ ವಿಷಯ ಹೇಳಬೇಕಾದವನು ಇಂದು ಹೆಂಗಸರ ಕಿವಿಯೋಲೆಯ ಮಾತು ಎತ್ತಿದರೆ ಗಂಡಸರು ನಗಬಹುದು. ನಗಿರಿ, ಆದರೆ ಎದ್ದು ಹೋಗಬೇಡಿರಿ. ಈ ಮಾತು ಹೊಲಕ್ಕೂ ಸಂಬಂಧಪಟ್ಟದ್ದೆಂದು ಕೊನೆಗೆ ತಮಗೇ ತಿಳಿದೀತು.

ಮುಂಗಾರಿ ಬಿತ್ತಿಗೆಯ ಮುಂಚೆ ಬೀಜ ಗೊಬ್ಬರಕ್ಕೆ ರೊಕ್ಕ ಸಾಲದೆ ಬಂದರೆ ಒಕ್ಕಲಿಗನ ಮನೆಯಲ್ಲಿ ಮೊದಲು ಒತ್ತಿಗೆ ಹೋಗುವ ವಸ್ತು ಯಾವುದು? ಮನೆಯಾಕೆಯ ಬೆಂಡೋಲೆ. ಮಳೆ ಚೆನ್ನಾಗಿ ಆದರೆ ಸುಗ್ಗಿಯಲ್ಲಿ ಮರಳಿ ಬರುತ್ತದೆ. ಆಗದಿದ್ದರೆ ಬಡ್ಡಿ ಬೆಳೆದು ಓಲೆ ಮುಳುಗುತ್ತದೆ. ಆಕೆ ಕಿವಿಗೆ ಬೇವಿನ ಕಡ್ಡಿ ಚುಚ್ಚಿಕೊಂಡು ಹೊಲಕ್ಕೆ ಬರುತ್ತಾಳೆ. ಹೀಗೆ ಕಿವಿಯೋಲೆ ನಮ್ಮ ಸೀಮೆಯಲ್ಲಿ ಬೆಳೆಸಾಲದ ಪತ್ರವೂ ಆಗಿದೆ. ಆದ ಕಾರಣ ಇದೇ ಓಲೆ ಸಾಲದ ಬದಲು ನಾಲ್ಕು ಕಾಸಿನ ಉತ್ಪನ್ನವನ್ನೂ ತರಬಹುದೇ ಎಂಬುದನ್ನು ವಿಚಾರ ಮಾಡೋಣ.

ಓಲೆ ಹಳೆಯದು, ಚಿನ್ನವಿಲ್ಲದೆಯೂ ಇತ್ತು

ಓಲೆ ಎಂದರೆ ತಾಳೆಯ ಗರಿ. ಗರಿಯನ್ನು ಸುರುಳಿ ಸುತ್ತಿ ಕಿವಿಯ ತೂತಿಗೆ ಇಡುವ ರೂಢಿಯಿಂದ ಆಭರಣಕ್ಕೂ ಅದೇ ಹೆಸರು ಬಂತು. ಬೆಂಡೋಲೆ ಎಂಬ ಮಾತಿನಲ್ಲಿ ಬೆಂಡೂ ಇದೆ, ಓಲೆಯೂ ಇದೆ. ಬುಗುಡಿ, ಕೊಪ್ಪು, ಜುಮಕಿ, ಲೋಲಾಕು ಎಂದು ಎಷ್ಟು ಹೆಸರು! ಮಣಿಯ ಕೆಲಸವಂತೂ ಇನ್ನೂ ಹಳೆಯದು. 1954ರಲ್ಲಿ ಬಿ.ಕೆ. ಥಾಪರ್ ಅವರು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ನೆಲ ಅಗೆಸಿದಾಗ ಬಣ್ಣದ ಕಲ್ಲಿನ ಮಣಿಗಳು ಸಿಕ್ಕವು. ಕಬ್ಬಿಣದ ಕುಳ ಕಾಣುವ ಮೊದಲೇ ನಮ್ಮ ನಾಡಿನವರು ಕಲ್ಲಿಗೆ ತೂತು ಕೊರೆದು ದಾರ ಪೋಣಿಸುತ್ತಿದ್ದರು.

ಈಗಲೂ ಈ ವಿದ್ಯೆ ಸತ್ತಿಲ್ಲ. ಚನ್ನಪಟ್ಟಣದಲ್ಲಿ ಆಲೆಮರದ ತುಂಡನ್ನು ಚರಕಿಗೆ ಹಾಕಿ ತಿರುಗಿಸುತ್ತ ಅರಗಿನ ಕಡ್ಡಿ ಒತ್ತುತ್ತಾರೆ. ಬಿಸಿಗೆ ಅರಗು ಕರಗಿ ಮರಕ್ಕೆ ಬಣ್ಣ ಹಿಡಿಯುತ್ತದೆ. ಮೇಲೆ ಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಆಟಿಗೆ ಮಾಡುವ ಆ ಕೈಗಳೇ ಈಗ ಮಣಿ, ಓಲೆ, ಬಳೆಗಳನ್ನೂ ಮಾಡುತ್ತಿವೆ. ಬೀದರದ ಬಿದ್ರಿ ಕೆಲಸದವರು ಕಪ್ಪು ಲೋಹದಲ್ಲಿ ಬೆಳ್ಳಿ ಎಳೆ ಕೂಡಿಸಿ ಓಲೆ ಮಾಡುತ್ತಾರೆ. ಗುಳೇದಗುಡ್ಡದ ಖಣದ ತುಣುಕನ್ನು ಮರದ ಬಿಲ್ಲೆಗೆ ಅಂಟಿಸಿ ಮಾಡಿದ ಓಲೆಗಳನ್ನು ಪೇಟೆಯ ಹುಡುಗಿಯರು ಕೇಳಿ ಕೊಳ್ಳುತ್ತಾರೆ.

ನಮ್ಮ ನೆರೆಯ ಕಲಘಟಗಿ ಕಡೆಯ ತಾಂಡಾಗಳ ಲಂಬಾಣಿ ತಾಯಂದಿರನ್ನು ನೋಡಿರಿ. ಕವಡೆ, ಕನ್ನಡಿ, ಮಣಿ, ನಾಣ್ಯ ಇವನ್ನು ದಾರದಲ್ಲಿ ಕೂಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1755 ಕಸೂತಿ ವಸ್ತುಗಳನ್ನು ಒಂದೆಡೆ ಇಟ್ಟು ತೋರಿಸಲಾಯಿತು. ಅದು ಗಿನ್ನೆಸ್ ದಾಖಲೆಯಾಯಿತು. ತಾಂಡಾದ ಕಟ್ಟೆಯ ಮೇಲೆ ಕೂತು ಮಾಡಿದ ಕೆಲಸವನ್ನು ಹೊರದೇಶದವರು ಬಗ್ಗಿ ನೋಡಿದರು.

ಯಾವ ಮಣಿ ಬೇಕು, ಯಾವುದು ಬೇಡ

ಮಣಿಯನ್ನು ಕೊಳ್ಳಲೂಬಹುದು, ಮನೆಯಲ್ಲಿ ಮಾಡಲೂಬಹುದು. ಮರದ ಮಣಿ ಹಗುರ. ದೊಡ್ಡದಿದ್ದರೂ ಕಿವಿಗೆ ಭಾರವಾಗದು. ಗಾಜಿನ ಮಣಿಗೆ ಹೊಳಪು ಹೆಚ್ಚು, ತೂಕವೂ ಹೆಚ್ಚು, ಚಿಕ್ಕದನ್ನೇ ಆರಿಸಬೇಕು. ಗುಜರಾತಿನ ಖಂಭಾತದಿಂದ ಕೆಂಪು ಕಲ್ಲಿನ ಮಣಿ ಬರುತ್ತದೆ. ಚಂದ ನಿಜ, ಆದರೆ ಬೆಲೆಯಾದದ್ದು. ಒಂದು ಓಲೆಗೆ ಒಂದು ಸಾಕು.

ಮಣ್ಣಿನ ಮಣಿ ಮಾಡಬೇಕೆನ್ನುವವರಿಗೆ ಒಂದು ಮಾತು. ನಮ್ಮ ಎರಿ ಮಣ್ಣು ಹತ್ತಿಗೆ ಒಳ್ಳೆಯದು, ಮಣಿಗೆ ಒಳ್ಳೆಯದಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕು ಕಂಡವರಿಗೆ ಇದನ್ನು ಹೇಳಬೇಕಿಲ್ಲ. ಕುಂಬಾರರನ್ನು ಕೇಳಿ ಅವರು ಗಡಿಗೆಗೆ ಬಳಸುವ ಮಣ್ಣನ್ನೇ ತನ್ನಿರಿ. ತೆಳು ಬಟ್ಟೆಯಲ್ಲಿ ಸೋಸಿ, ಹದವಾಗಿ ನಾದಿ, ಮಣಿ ಉಂಡೆ ಮಾಡಿ, ಕಸಬರಿಗೆಯ ಕಡ್ಡಿಯಿಂದ ತೂತು ಮಾಡಿರಿ. ಒಣಗಿ ಸುಟ್ಟಾಗ ಮಣಿ ಕುಗ್ಗುತ್ತದೆ, ತೂತೂ ಕುಗ್ಗುತ್ತದೆ. ಆದ್ದರಿಂದ ತೂತು ತುಸು ದೊಡ್ಡದೇ ಇರಲಿ. ನೆರಳಲ್ಲಿ ನಿಧಾನವಾಗಿ ಒಣಗಿಸಿ, ಕುಂಬಾರರ ಆವಿಗೆಯಲ್ಲೇ ಸುಡಿಸುವುದು ಲೇಸು.

ಬೀಜದ ಮಣಿಗಳ ವಿಷಯದಲ್ಲಿ ಎಚ್ಚರ ಬೇಕು. ಗುಲಗಂಜಿ ಕಣ್ಣಿಗೆ ಬಲು ಚಂದ. ಆದರೆ ಅದರ ಒಳಗೆ ಕಡುವಿಷವಿದೆ. ಸೂಜಿಯಿಂದ ತೂತು ಮಾಡುವಾಗ ಸಿಪ್ಪೆ ಒಡೆದು ವಿಷ ಹೊರಬೀಳುತ್ತದೆ. ಬೆರಳಿಗೆ ಚುಚ್ಚಿದರೆ ಅಪಾಯ. ಮಗು ಒಡೆದ ಕಾಳನ್ನು ಜಗಿದರೆ ಜೀವಕ್ಕೇ ಸಂಚಕಾರ. ಅದು ಅಕ್ಕಸಾಲಿಗರ ತಕ್ಕಡಿಯಲ್ಲಿ ಇದ್ದುದು ಸಾಕು, ಕಿವಿಗೆ ಬೇಡ. ಔಡಲ ಬೀಜವೂ ಹಾಗೆಯೇ ವಿಷ, ಅದೂ ಬೇಡ. ಬೀಜವೇ ಬೇಕೆಂದರೆ ರುದ್ರಾಕ್ಷಿ ಇದೆ, ತುಳಸಿಯ ಕಾಂಡದ ಮಣಿ ಇದೆ. ಇವನ್ನು ಚೆನ್ನಾಗಿ ಒಣಗಿಸದಿದ್ದರೆ ಕಾಳಿಗೆ ಬೀಳುವಂತೆ ಇವಕ್ಕೂ ಹುಳ ಬೀಳುತ್ತದೆ. ಕೊಂಡವರ ಕಿವಿಯಿಂದ ಹಿಟ್ಟು ಉದುರಿದರೆ ನಿಮ್ಮ ಹೆಸರೂ ಅದರ ಜೊತೆಗೆ ಉದುರಿತು!

ಕಿವಿಗೆ ಹುಣ್ಣಾಗಬಾರದು

ಮಣಿಗಿಂತ ಮುಖ್ಯವಾದದ್ದು ಕಿವಿಯೊಳಗೆ ಹೋಗುವ ಕೊಕ್ಕೆ. ಅಗ್ಗದ ಕೊಕ್ಕೆಗಳಲ್ಲಿ ನಿಕಲ್ ಎಂಬ ಲೋಹ ಬೆರೆತಿರುತ್ತದೆ. ಅದು ಹಲವರ ಮೈಗೆ ಒಗ್ಗದು. ತುರಿಕೆ ಎದ್ದು ಕಿವಿ ಸೋರುತ್ತದೆ. ಯುರೋಪಿನ ದೇಶಗಳು ಇದಕ್ಕೆಂದೇ 1994ರಲ್ಲಿ ನಿಯಮ ಮಾಡಿ ಆಭರಣದಲ್ಲಿ ನಿಕಲ್‌ಗೆ ಮಿತಿ ಹಾಕಿದವು. ಬೆಳ್ಳಿಯ ಕೊಕ್ಕೆ ಉತ್ತಮ. ಆಗದಿದ್ದರೆ ವೈದ್ಯರ ಸಲಕರಣೆಗೆ ಬಳಸುವ ಜಾತಿಯ ಉಕ್ಕಿನ ಕೊಕ್ಕೆ ಇರಲಿ. ಸೀಸದ ಗುಂಡು, ಸೀಸದ ಬೆಸುಗೆ ಇವನ್ನು ಮುಟ್ಟಲೇಬೇಡಿರಿ. ಇದರಲ್ಲಿ ಎರಡು ರೂಪಾಯಿ ಉಳಿಸಲು ಹೋದರೆ ಗಿರಾಕಿ ಮರಳಿ ಬರುವುದಿಲ್ಲ.

ತೂಕಕ್ಕೂ ಒಂದು ಅಂದಾಜು ಇಟ್ಟುಕೊಳ್ಳಿರಿ. ಹತ್ತು ರೂಪಾಯಿಯ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ಒಂದು ಕಿವಿಯ ಓಲೆ ಈ ನಾಣ್ಯಕ್ಕಿಂತ ಭಾರವಾಗಬಾರದು. ದಿನವೂ ಇಟ್ಟುಕೊಳ್ಳುವ ಓಲೆ ಅದರ ಅರ್ಧ ತೂಗಿದರೆ ಒಳ್ಳೆಯದು.

ಮಾಟ ಕೂಡಿಸುವ ಬಗೆ

ಹತಾರು ಹೆಚ್ಚೇನೂ ಬೇಡ. ಗುಂಡು ಮೂತಿಯ ಇಕ್ಕಳ ಒಂದು, ಚಪ್ಪಟೆ ಮೂತಿಯದು ಒಂದು, ತಂತಿ ಕತ್ತರಿಸುವುದು ಒಂದು, ಒಂದು ಕಾನಸು. ಕೊಕ್ಕೆಗೆ 0.8 ಮಿಲಿಮೀಟರ್ ತಂತಿ, ಮಣಿ ಪೋಣಿಸಲು 0.5 ಮಿಲಿಮೀಟರ್ ತಂತಿ ಸಾಕು.

ತಂತಿಯ ಕೆಳತುದಿಯನ್ನು ಮಣಿ ಜಾರದಂತೆ ಮಡಿಚಿ, ಮಣಿ ಪೋಣಿಸಿ, ಮೇಲೆ ಒಂದು ಬೆರಳಿನಷ್ಟು ತಂತಿ ಬಿಟ್ಟು ಕತ್ತರಿಸಿರಿ. ಆ ತಂತಿಯನ್ನು ಗುಂಡು ಮೂತಿಯ ಇಕ್ಕಳಕ್ಕೆ ಸುತ್ತಿ ಕಣ್ಣು ಮಾಡಿ, ಉಳಿದ ತುದಿಯನ್ನು ಕಣ್ಣಿನ ಬುಡಕ್ಕೆ ಎರಡು ಸುತ್ತು ಬಿಗಿಯಿರಿ. ಕೊಂಡಿಯನ್ನು ತೆರೆಯುವಾಗ ಬಾಯಿ ಅಗಲಿಸಬಾರದು. ಒಂದು ತುದಿ ಮುಂದಕ್ಕೆ, ಒಂದು ತುದಿ ಹಿಂದಕ್ಕೆ ತಿರುಗಿಸಬೇಕು. ಹಾಗೆ ಮಾಡಿದರೆ ಮುಚ್ಚಿದಾಗ ಮತ್ತೆ ಗುಂಡಗೆ ಕೂಡುತ್ತದೆ. ತಂತಿಯ ತುದಿಗೆ ಕಾನಸು ಹಾಕಿ ನುಣುಪು ಮಾಡಿರಿ. ಎರಡೂ ಕಿವಿಯದನ್ನು ಒಂದೇ ಸಲ ಜೊತೆಜೊತೆಗೆ ಮಾಡಬೇಕು. ಇಂದು ಒಂದು, ನಾಳೆ ಒಂದು ಎಂದರೆ ಜೋಡೆತ್ತಿನಲ್ಲಿ ಒಂದು ಗಿಡ್ಡ ಒಂದು ಎತ್ತರ ಆದಂತೆ.

ಮಾಟಕ್ಕೆ ಪೇಟೆಯ ಚಿತ್ರ ನೋಡಿ ನಕಲು ಮಾಡಬೇಕಿಲ್ಲ. ಬಣ್ಣ ಕೂಡಿಸುವುದನ್ನು ಇಳಕಲ್ಲ ಸೀರೆಯಿಂದ ಕಲಿಯಿರಿ. ಒಡಲು ಒಂದು ಬಣ್ಣ, ದಡಿ ಇನ್ನೊಂದು, ಸೆರಗಿನ ಕೆಂಪಿನಲ್ಲಿ ಬಿಳಿಯ ತೆನಿ. ಒಂದು ಓಲೆಗೂ ಮೂರು ಬಣ್ಣ ಮೀರಬಾರದು. ಕೊನೆಗೆ ತೂಗುವ ಪದಕಕ್ಕೆ ಧಾರವಾಡದ ಕಸೂತಿಯ ಗೋಪುರ, ತುಳಸಿಕಟ್ಟೆ, ಆನೆ, ತೇರು ಇವೆ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ಚೌಕುಳಿ ಕಾಗದದ ಮೇಲೆ ಸುಲಭವಾಗಿ ಇಳಿಯುತ್ತದೆ. ಅದನ್ನೇ ಹಿತ್ತಾಳಿಯ ತಗಡಿನಲ್ಲಿ ಕತ್ತರಿಸಬಹುದು. ಜೋಳದ ತೆನೆ, ಬಿರಿದ ಹತ್ತಿ ಕಾಯಿ, ಕಾರಹುಣ್ಣಿವೆಯ ಎತ್ತು ಇವೂ ಚಂದದ ಪದಕಗಳೇ. ಇದೇ ಅಮರಗೋಳದ ಬನಶಂಕರಿ ಗುಡಿ, ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗಳ ಕಲ್ಲುಕೆತ್ತನೆಯನ್ನು ಒಮ್ಮೆ ಓಲೆ ಮಾಡುವವರ ಕಣ್ಣಿನಿಂದ ನೋಡಿ ಬನ್ನಿರಿ.

ಆದರೆ ಒಬ್ಬರ ಹೆಸರನ್ನು ಇನ್ನೊಬ್ಬರು ಮಾರಬಾರದು. ಚನ್ನಪಟ್ಟಣದ ಆಟಿಗೆ, ಸಂಡೂರಿನ ಲಂಬಾಣಿ ಕಸೂತಿ, ಧಾರವಾಡದ ಕಸೂತಿ ಇವಕ್ಕೆ ಭೌಗೋಳಿಕ ಗುರುತಿನ ಕಾಯ್ದೆಯ ರಕ್ಷಣೆ ಇದೆ. ಲಂಬಾಣಿ ಮಾಟ ಬೇಕಾದರೆ ತಾಂಡಾದ ತಾಯಂದಿರಿಗೇ ಕೆಲಸ ಕೊಟ್ಟು ಕೂಲಿ ಕೊಡಿರಿ.

ಲೆಕ್ಕ: ಇದೇ ಮುಖ್ಯ ಮಾತು

ಈಗ ಗಂಡಸರೂ ಕಿವಿಗೊಟ್ಟು ಕೇಳಬೇಕು. ಒಂದು ಜೊತೆ ಓಲೆಯ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಪೇಟೆಯ ಧಾರಣೆ ನೀವೇ ಹಾಕಿಕೊಳ್ಳಿರಿ.

ಆರು ಮಣಿಗೆ 12 ರೂಪಾಯಿ
ಎರಡು ಪದಕಕ್ಕೆ 8 ರೂಪಾಯಿ
ಎರಡು ಕೊಕ್ಕೆಗೆ 6 ರೂಪಾಯಿ
ತಂತಿ, ಕೊಂಡಿಗೆ 4 ರೂಪಾಯಿ
ರಟ್ಟು, ಚೀಲಕ್ಕೆ 3 ರೂಪಾಯಿ
ಒಡೆದು ಕೆಟ್ಟು ಹೋಗುವುದಕ್ಕೆ 3 ರೂಪಾಯಿ
ಹುಬ್ಬಳ್ಳಿಗೆ ಹೋಗಿ ಬರುವ ಖರ್ಚಿನ ಪಾಲು 4 ರೂಪಾಯಿ
ಒಟ್ಟು 40 ರೂಪಾಯಿ

ಅಂಗಡಿಯವನು 50 ರೂಪಾಯಿಗೆ ಕೇಳುತ್ತಾನೆ. ‘ಹತ್ತು ರೂಪಾಯಿ ಲಾಭ’ ಎಂದು ಕೊಟ್ಟುಬಿಡುತ್ತೇವೆ. ಆದರೆ ಆ ಜೊತೆ ಮಾಡಲು ಆಕೆಗೆ ಅರ್ಧ ತಾಸು ಹಿಡಿದಿದೆ. ಅಂದರೆ ತಾಸಿಗೆ 20 ರೂಪಾಯಿ, ಎಂಟು ತಾಸು ದುಡಿದರೆ 160 ರೂಪಾಯಿ. ಅದೇ ಆಕೆ ಹೊರಗೆ ದಿನಕ್ಕೆ 400 ರೂಪಾಯಿ ಕೂಲಿಗೆ ಹೋಗಬಲ್ಲವಳೆಂದು ಹಿಡಿಯಿರಿ. ಆಗ ಅರ್ಧ ತಾಸಿನ ಕೂಲಿ 25 ರೂಪಾಯಿ. ಓಲೆಯ ನಿಜವಾದ ಅಸಲು 65 ರೂಪಾಯಿ. 50ಕ್ಕೆ ಕೊಟ್ಟ ಪ್ರತಿ ಜೊತೆಗೆ 15 ರೂಪಾಯಿ ಲುಕ್ಸಾನು. ಆ ಲುಕ್ಸಾನನ್ನು ಆಕೆ ತನ್ನ ಕಣ್ಣಿನಿಂದ, ಬೆನ್ನಿನಿಂದ, ನಿದ್ದೆಯಿಂದ ತುಂಬಿ ಕೊಡುತ್ತಾಳೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಲಾಭವೆಂದು ಬರೆದಿರುತ್ತದೆ.

ಇದು ತಮಗೆ ಹೊಸ ಕಥೆಯೇ? ಇದೇ ಅಮರಗೋಳದ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ ತಂದು ಸುರಿಯುವಾಗ ನಾವು ಏನು ಲೆಕ್ಕ ಹಾಕುತ್ತೇವೆ? ಬೀಜ ಇಷ್ಟು, ಗೊಬ್ಬರ ಇಷ್ಟು, ಗಾಡಿ ಬಾಡಿಗೆ ಇಷ್ಟು. ಕಳೆ ತೆಗೆದ ಹೆಂಡತಿಯ ದಿನ, ನೀರು ಹಾಯಿಸಿದ ಮಗನ ರಾತ್ರಿ, ರಂಟೆ ಹೊಡೆದ ತನ್ನ ಮೈಬೆವರು ಇವಕ್ಕೆ ಬೆಲೆ ಬರೆದವರು ಎಷ್ಟು ಮಂದಿ? ಬೆಂಬಲ ಬೆಲೆ ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವು ಮನೆಮಂದಿಯ ದುಡಿಮೆಗೂ ಬೆಲೆ ಕಟ್ಟಿ ಖರ್ಚಿನಲ್ಲಿ ಸೇರಿಸುತ್ತದೆ. ದೆಹಲಿಯವರು ಸೇರಿಸುವುದನ್ನು ನಾವು ನಮ್ಮ ಮನೆಯಲ್ಲೇ ಬಿಟ್ಟುಬಿಡುತ್ತೇವೆ. ಒಂದು ಜೊತೆ ಓಲೆಯ ಮೇಲೆ ಈ ಲೆಕ್ಕ ಕಲಿತ ಮನೆ ಹತ್ತು ಚೀಲ ಮೆಣಸಿನಕಾಯಿಯ ಮೇಲೂ ಅದನ್ನು ಹಾಕೀತು. ಓಲೆಯ ಮಾತು ಹೊಲಕ್ಕೆ ಸಂಬಂಧಪಟ್ಟದ್ದೆಂದು ನಾನು ಹೇಳಿದ್ದು ಇದಕ್ಕೆ.

ಅಂಗಡಿಗೆ ಸಗಟು ಕೊಡುವುದಾದರೆ ಈ ಓಲೆಗೆ 80ಕ್ಕೆ ಕಡಿಮೆ ಬೇಡ. ನೇರವಾಗಿ ಮಾರಿದರೆ ಇನ್ನೂ ಮೇಲೆ. ಹುಬ್ಬಳ್ಳಿಯ ಸಿದ್ಧಾರೂಢರ ಜಾತ್ರೆ ಇದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಇದೆ. ಸಂಘದವರು ಕೂಡಿ ಒಂದೇ ಮಳಿಗೆ ಹಿಡಿಯಿರಿ, ಮಣಿಯನ್ನೂ ಕೂಡಿಯೇ ಸಗಟಾಗಿ ತನ್ನಿರಿ. ಮೊದಲು 20 ಜೊತೆ ಮಾಡಿ ಮಾರಿ ನೋಡಿರಿ. ಅದು ಹೋದ ಮೇಲೆ 40 ಮಾಡಿರಿ. ಮೊದಲೇ ಸಾಲ ತೆಗೆದು ಮಣಿ ರಾಶಿ ಹಾಕಬೇಡಿರಿ. ‘ಮುಂಗಡ ಕೊಡುತ್ತೇನೆ, ಮಾಲೆಲ್ಲ ನನಗೇ ಕೊಡಬೇಕು’ ಎನ್ನುವವರ ಮುಂಗಡ ಮುಟ್ಟುವ ಮೊದಲು ಹತ್ತು ಸಲ ಯೋಚಿಸಿರಿ. ಕಲಿಯಬೇಕೆನ್ನುವವರಿಗೆ ಧಾರವಾಡದಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಮೊದಲಾದ ಈ ಸಂಸ್ಥೆಯವರು ಸ್ವಂತ ಉದ್ಯೋಗದ ತರಬೇತಿಯನ್ನು ಪುಕ್ಕಟೆ ಕೊಡುತ್ತಾರೆ. ಯಾವ ತರಬೇತಿ ಯಾವಾಗ ಎಂದು ಹೋಗಿ ವಿಚಾರಿಸಿರಿ.

ಕೊನೆಯದಾಗಿ ಎರಡು ಮಾತು

ಈ ಕಸಬಿನಿಂದ ಮನೆಗೆ ಮಾಳಿಗೆ ಏರುತ್ತದೆಂದು ನಾನು ಹೇಳುವುದಿಲ್ಲ. ಇದು ಹಿಂಗಾರಿ ರಾಶಿ ಮುಗಿದು ಮುಂಗಾರಿ ಮಳೆ ಬರುವವರೆಗಿನ ಬಿಡುವಿನ ಕೆಲಸ. ಹಗಲೆಲ್ಲ ಹೊಲದಲ್ಲಿ ದುಡಿದವಳನ್ನು ರಾತ್ರಿ ದೀಪದ ಮುಂದೆ ಮಣಿ ಪೋಣಿಸಲು ಕೂಡಿಸಿದರೆ ಅದು ಉಪಕಸಬಲ್ಲ, ಎರಡನೆಯ ನೊಗ. ಸಾಲೆಗೆ ಹೋಗುವ ಹುಡುಗಿಯನ್ನು ಬಿಡಿಸಿ ಕೂಡಿಸುವುದಂತೂ ಸಲ್ಲದು.

ಗಂಡಸರಿಗೆ ಒಂದು ಬಿನ್ನಹ. ಓಲೆಯಿಂದ ಬಂದ ರೊಕ್ಕ ಆಕೆಯ ಹೆಸರಿನ ಖಾತೆಯಲ್ಲೇ ಇರಲಿ. ಇಂದಿನ ಖರ್ಚಿಗೆಂದು ಅದನ್ನು ಕೇಳಬೇಡಿರಿ. ವರ್ಷ ಎರಡು ವರ್ಷ ಕೂಡಿದರೆ ಬಿತ್ತಿಗೆಯ ಹೊತ್ತಿಗೆ ಒಂದು ಚೀಲ ಬೀಜಕ್ಕೆ, ಎರಡು ಚೀಲ ಗೊಬ್ಬರಕ್ಕೆ ಆಕೆಯೇ ಕೈಎತ್ತಿ ಕೊಟ್ಟಾಳು. ಆ ವರ್ಷ ಆಕೆಯ ಕಿವಿಯ ಬೆಂಡೋಲೆ ಒತ್ತಿಗೆ ಹೋಗದೆ ಕಿವಿಯಲ್ಲೇ ಉಳಿದರೆ ಈ ಕಸಬು ಸಾರ್ಥಕವಾಯಿತೆಂದು ತಿಳಿಯಿರಿ.

ಮಣಿ, ತಂತಿ, ಇಕ್ಕಳಗಳನ್ನು ತಂದಿದ್ದೇನೆ. ಸಭೆ ಮುಗಿದ ಮೇಲೆ ಕಲಿಯಬೇಕೆನ್ನುವ ತಾಯಂದಿರು ಕಟ್ಟೆಯ ಹತ್ತಿರ ಬರಬೇಕು. ಲೆಕ್ಕ ಬರೆಯಲು ಬಲ್ಲ ಗಂಡಸರೂ ಬರಬಹುದು.