ಹಳೇ ಎಲೆಕ್ಟ್ರಿಕ್ ಕಾರು ಕೊಳ್ಳುವ ಮುನ್ನ ಬ್ಯಾಟರಿ ಪರೀಕ್ಷಿಸೋಣ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ)



ಸಂಘದ ಸಾಲ ಅಂದರೆ ಮೊದಲೆಲ್ಲ ಹಸು, ಹೊಲಿಗೆ ಯಂತ್ರ, ಕಿರಾಣಿ ಅಂಗಡಿ. ಈಗ ಬಾಡಿಗೆಗೆ ಓಡಿಸಲು ಹಳೇ ಎಲೆಕ್ಟ್ರಿಕ್ ಕಾರು ಕೊಳ್ಳುತ್ತೇವೆ ಎನ್ನುವವರೂ ಇದ್ದಾರೆ. ಒಳ್ಳೆಯದೇ, ಪೆಟ್ರೋಲ್ ಖರ್ಚಿಲ್ಲ. ಆದರೆ ಈ ಕಾರಿನ ಜೀವ ಇರುವುದೇ ಬ್ಯಾಟರಿಯಲ್ಲಿ. ಅದು ಕೆಟ್ಟರೆ ಹೊಸದಕ್ಕೆ ಲಕ್ಷಗಟ್ಟಲೆ ಬೇಕು. ಕಾರು ಮನೆ ಮುಂದೆ ನಿಂತರೂ ಕಂತು ನಿಲ್ಲುವುದಿಲ್ಲ. ಒಬ್ಬರ ಕಂತು ತಪ್ಪಿದರೆ ಭಾರ ಬೀಳುವುದು ಇಡೀ ಸಂಘದ ಮೇಲೆ. ಆದ್ದರಿಂದ ಸಾಲ ಮಂಜೂರು ಮಾಡುವ ಮೊದಲು ಬ್ಯಾಟರಿಯ ಪರೀಕ್ಷೆ ಆಗಲೇಬೇಕು.

ಮಾರುವವರು ಕಾರಿನ ಮೀಟರ್ ತೋರಿಸಿ "ನೋಡಿ, ನೂರಕ್ಕೆ ನೂರು ಚಾರ್ಜ್ ಆಗ್ತದೆ" ಅಂತಾರೆ. ಇದಕ್ಕೆ ನಾವು ಮರುಳಾಗಬಾರದು. ಹೂಳು ತುಂಬಿದ ಕೆರೆಯೂ ಮಳೆಗಾಲದಲ್ಲಿ ಕೋಡಿ ಬೀಳುತ್ತದೆ, ಆದರೆ ಅದರಲ್ಲಿರುವ ನೀರು ಮೊದಲಿನಷ್ಟಲ್ಲ. ಬ್ಯಾಟರಿಯೂ ಹಾಗೆಯೇ. ವರ್ಷ ಕಳೆದಂತೆ ಅದು ಹಿಡಿಯುವ ವಿದ್ಯುತ್ ಕಡಿಮೆಯಾಗುತ್ತದೆ. ಮೀಟರ್ ತೋರಿಸುವುದು ಉಳಿದ ಜಾಗ ತುಂಬಿದೆಯೇ ಎಂಬುದನ್ನು ಮಾತ್ರ. ಇನ್ನೆಷ್ಟು ಕಿ.ಮೀ. ಓಡುತ್ತದೆ ಎಂದು ಅದು ತೋರಿಸುವ ಅಂಕಿಯೂ ಈವರೆಗೆ ಓಡಿಸಿದ ರೀತಿಯ ಮೇಲೆ ಮಾಡಿದ ಅಂದಾಜು.

ಹಾಗಾದರೆ ತಿಳಿಯುವುದು ಹೇಗೆ? ಹಸು ಕೊಳ್ಳುವಾಗ ನಾವು ಬಾಯಿಮಾತಿನ ಲೀಟರ್ ನಂಬ್ತೀವಾ? ಎದುರಿಗೇ ನಿಂತು ಹಾಲು ಕರೆಸಿ ಅಳೀತೀವಿ. ಇಲ್ಲಿಯೂ ಅಳೆದು ನೋಡಬೇಕು.

ಒಂದನೆಯದು, ಚಾರ್ಜ್ ಲೆಕ್ಕ. ಟಾಟಾ ಟಿಯಾಗೋ ಇವಿ ಕಾರಿನಲ್ಲಿ 24 ಯೂನಿಟ್ ಹಿಡಿಯುವ ಬ್ಯಾಟರಿಯ ಮಾದರಿ ಇದೆ. ಅದನ್ನು 20 ಶೇಕಡಾಕ್ಕೆ ಇಳಿಸಿ, ಸಬ್ ಮೀಟರ್ ಇರುವ ಪ್ಲಗ್ಗಿನಲ್ಲಿ ರಾತ್ರಿಯಿಡೀ ನಿಧಾನವಾಗಿ ನೂರಕ್ಕೆ ತುಂಬಿಸಿ. ಬ್ಯಾಟರಿ ಚೆನ್ನಾಗಿದ್ದರೆ ಸುಮಾರು 21 ಯೂನಿಟ್ ಎಳೆಯಬೇಕು. 17 ಯೂನಿಟ್ ಮಾತ್ರ ಎಳೆಯಿತು ಅನ್ನಿ. ದಾರಿಯಲ್ಲಿ ನಷ್ಟವಾಗುವ ಹತ್ತನೇ ಒಂದು ಪಾಲು ಕಳೆದರೆ ಉಳಿಯುವುದು 15.3. ಇದು 80 ಶೇಕಡಾ ಜಾಗಕ್ಕೆ. ಪೂರ್ತಿ ಜಾಗಕ್ಕೆ ಸುಮಾರು 19 ಯೂನಿಟ್ ಆಯಿತು. ಅಂದರೆ 24ರಲ್ಲಿ ಐದನೇ ಒಂದು ಪಾಲು ಸವೆದಿದೆ. ಒಂದೆರಡು ಯೂನಿಟ್ ಹೆಚ್ಚುಕಡಿಮೆ ಆದರೆ ಗಾಬರಿ ಬೇಡ, ಇದು ಅಂದಾಜು ಲೆಕ್ಕ.

ಎರಡನೆಯದು, ಓಡಿಸಿ ನೋಡುವುದು. ಮರುದಿನ ದಿನನಿತ್ಯದ ದಾರಿಯಲ್ಲೇ, ಏಸಿ ಹಾಕಿ, ಜನ ಕೂರಿಸಿ ಓಡಿಸಿ. 60 ಕಿ.ಮೀ.ಗೆ 40 ಶೇಕಡಾ ಇಳಿದರೆ ಪೂರ್ತಿ ಚಾರ್ಜಿಗೆ 150 ಕಿ.ಮೀ. ಐದು ಹತ್ತು ಕಿ.ಮೀ. ಸುತ್ತಾಡಿ ಬಂದರೆ ಏನೂ ತಿಳಿಯದು.

ಮೂರನೆಯದು, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಆರೋಗ್ಯದ ವರದಿ ಬರವಣಿಗೆಯಲ್ಲಿ ಕೇಳಿ. ಅಪಘಾತವಾಗಿತ್ತೇ, ನೆರೆನೀರಿನಲ್ಲಿ ಮುಳುಗಿತ್ತೇ ಎಂದು ಹಳೇ ಸರ್ವಿಸ್ ದಾಖಲೆ ನೋಡಿ. ಪದೇ ಪದೇ ಫಾಸ್ಟ್ ಚಾರ್ಜ್ ಮಾಡಿದ, ಪೂರ್ತಿ ಚಾರ್ಜ್ ಮಾಡಿ ದಿನಗಟ್ಟಲೆ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಬ್ಯಾಟರಿ ಬೇಗ ಸವೆಯುತ್ತದೆ.

ನಾಲ್ಕನೆಯದು, ವಾರಂಟಿ. ಹಲವು ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಇರುತ್ತದೆ. ಎರಡನೇ ಮಾಲೀಕರಿಗೂ ಅದು ಸಿಗುತ್ತದೆಯೇ, ಬಾಡಿಗೆಗೆ ಓಡಿಸಿದರೂ ನಡೆಯುತ್ತದೆಯೇ, ಎಷ್ಟು ಸವೆದರೆ ಬದಲಿಸಿಕೊಡುತ್ತಾರೆ, ಈ ಮೂರನ್ನೂ ಕೇಳಿ ಬರೆಸಿಕೊಳ್ಳಿ.

ಸವೆದ ಬ್ಯಾಟರಿ ಎಂದ ಮಾತ್ರಕ್ಕೆ ಕಾರು ಬೇಡವೆಂದಲ್ಲ. 150 ಕಿ.ಮೀ. ಓಡುವ ಕಾರು ದಿನಕ್ಕೆ 80 ಕಿ.ಮೀ. ಬಾಡಿಗೆ ಮಾಡುವವರಿಗೆ ಧಾರಾಳ ಸಾಕು. 140 ಕಿ.ಮೀ. ಓಡಿಸಬೇಕೆನ್ನುವವರಿಗೆ ಅದು ದಾರಿಯಲ್ಲೇ ಕೈಕೊಟ್ಟೀತು. ಸವೆದಷ್ಟು ಬೆಲೆ ಇಳಿಸಿ ಕೇಳೋಣ. ಬ್ಯಾಟರಿಗೆ ಇನ್ನೆಷ್ಟು ವರ್ಷದ ವಾರಂಟಿ ಉಳಿದಿದೆಯೋ ಅದರೊಳಗೇ ಸಾಲ ತೀರುವಂತೆ ಕಂತು ಕಟ್ಟೋಣ.

ಪರೀಕ್ಷೆಗೆ ಎರಡು ದಿನ ಕೊಡಲು ಒಪ್ಪದ ಮಾರಾಟಗಾರರ ಕಾರನ್ನು ಅಲ್ಲಿಗೇ ಬಿಡೋಣ. ಚಾರ್ಜ್ ಲೆಕ್ಕ, ಓಡಿಸಿದ ಲೆಕ್ಕ, ಸರ್ವಿಸ್ ವರದಿ, ಇವಿಷ್ಟನ್ನೂ ಸಾಲದ ಅರ್ಜಿಯ ಜೊತೆ ಸಂಘದ ಸಭೆಯಲ್ಲಿ ಓದಿಸಿ, ಆಮೇಲೆ ನಿರ್ಧಾರ ಮಾಡೋಣ. ವಾರ ವಾರ ಕೂಡಿಟ್ಟ ಹಣ ನಮ್ಮದು, ಅಳೆದು ನೋಡುವ ಹಕ್ಕೂ ನಮ್ಮದೇ.