ನೋವಿನ ಗುಳಗಿ ಮತ್ತು ನಮ್ಮ ಕಿಡ್ನಿ



ಹಿರಿಯರೆ, ಓಣಿಯ ಅಕ್ಕ-ತಂಗಿಯರೆ, ಸಂಘದ ಗೆಳೆಯರೆ, ನಾನು ಡಾಕ್ಟರಲ್ಲ, ಬಿ.ಎ. ಓದುವ ವಿದ್ಯಾರ್ಥಿನಿ. ಇವತ್ತು ನೋವಿನ ಗುಳಗಿಯ ಬಗ್ಗೆ ಮಾತಾಡತೀನಿ.

ನಮ್ಮ ಜತ್ತ ಭಾಗದಿಂದ ಕಬ್ಬು ಕಡಿಯಲಿಕ್ಕೆ ಹೋದವರು ಸಂಜೆ ಸೊಂಟ ಹಿಡಕೊಂಡು ಬರತಾರ. ಒಂದು ದಿನ ತಪ್ಪಿಸಿದರೆ ಪಗಾರ ಇಲ್ಲ, ಮುಕಾದಮನ ಉಚಲ ತೀರಂಗಿಲ್ಲ. ಅದಕ್ಕೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಯಾವುದೋ ಒಂದು ನುಂಗಿ ಮರುದಿನ ಮತ್ತೆ ಕೊಯ್ತಾ ಹಿಡೀತಾರ. ಇದು ಹೊಟ್ಟೆಪಾಡು, ಯಾರನ್ನೂ ಬೈಯಂಗಿಲ್ಲ.

ಆದರೆ ತಿಳಕೊಳ್ರಿ. ಬಾವು, ನೋವು ಹೆಚ್ಚಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಸವನ್ನು ಈ ಗುಳಗಿ ತಡೀತದ. ಕಿಡ್ನಿಗೆ ರಕ್ತ ಒಯ್ಯುವ ನಾಳವನ್ನು ಅಗಲವಾಗಿ ಇಡುವುದೂ ಅದೇ ರಸ. ಬಿಸಿಲಾಗ ಬೆವರು ಸುರಿದು ಮೈಯಾಗ ನೀರು ಕಡಿಮೆಯಾದಾಗ, ವಾಂತಿ-ಭೇದಿ ಆದಾಗ, ಕಿಡ್ನಿ ಆ ರಸವನ್ನೇ ನೆಚ್ಚಿಕೊಂಡಿರತದ. ಆವಾಗ ಗುಳಗಿ ನುಂಗಿದರೆ ನಾಳ ಸಣ್ಣದಾಗಿ, ರಕ್ತ ಸೋಸುವ ಕೆಲಸ ಕುಸೀತದ. ಶುಗರ್, ಬಿ.ಪಿ., ಹೃದಯದ ಕಾಯಿಲೆ ಇದ್ದವರಿಗೆ, ವಯಸ್ಸಾದವರಿಗೆ ಅಪಾಯ ಹೆಚ್ಚು. ಬಸುರಿಯರಂತೂ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ನಮ್ಮ ಹಿರಿಯರು ಸತ್ತ ದನ ಎಳೆದು ಹಾಕಿದಲ್ಲಿ ರಣಹದ್ದು ಇಳೀತಿದ್ದವು. ಈಗ ಎಲ್ಲಿ ಹೋದವು? ದನಕ್ಕೆ ಕೊಟ್ಟ ಡೈಕ್ಲೋಫೆನಾಕ್ ಮಾಂಸದಾಗ ಉಳಿದು, ಅದನ್ನು ತಿಂದ ಹದ್ದುಗಳು ಕಿಡ್ನಿ ಕೆಟ್ಟು ಸತ್ತವು. 2006ರಲ್ಲಿ ಸರಕಾರ ದನಗಳಿಗೆ ಆ ಔಷಧ ಬಂದ್ ಮಾಡಿತು. ಮನುಷ್ಯನ ಮೈ ಬೇರೆ, ಒಂದು ಗುಳಗಿಗೇ ಹಂಗ ಆಗತದ ಅಂತಲ್ಲ. ಮನುಷ್ಯರಿಗೂ ಡಾಕ್ಟರ ಚೀಟಿ ಇಲ್ಲದೆ ಡೈಕ್ಲೋಫೆನಾಕ್ ಮಾರಬಾರದು ಅಂತ ಕಾಯ್ದೆ ಅದ. ಆದರೆ ನಮ್ಮ ಓಣಿಯೊಳಗ ಚೀಟಿ ಕೇಳೋರು ಯಾರು?

ಹಾಗಾಗಿ ನಾವೇ ಎಚ್ಚರ ಇರಬೇಕು. ಖಾಲಿ ಹೊಟ್ಟೆಯಲ್ಲಿ, ನೀರಡಿಸಿದ ಮೈಯಲ್ಲಿ ನುಂಗಬ್ಯಾಡ್ರಿ. ಹೆಸರು ಬೇರೆ ಇದ್ದರೂ ಔಷಧ ಒಂದೇ ಜಾತಿಯದಿರಬಹುದು, ಎರಡು ಕೂಡಿಸಬ್ಯಾಡ್ರಿ. ಬಿ.ಪಿ. ಗುಳಗಿ ತಗೊಳ್ಳೋರು ಡಾಕ್ಟರಿಗೆ ಅದನ್ನು ತೋರಿಸ್ರಿ. ಪ್ಯಾರಾಸಿಟಮಾಲ್ ಕಿಡ್ನಿಗೆ ಇವುಗಳಷ್ಟು ಭಾರವಲ್ಲ, ಆದರೆ ಅಳತೆ ಮೀರಿದರೆ ಲಿವರಿಗೆ ಕೆಡಕು. ಮೂತ್ರ ಕಡಿಮೆಯಾದರೆ, ಕಾಲು-ಮುಖ ಬಾತರೆ ಗುಳಗಿ ನಿಲ್ಲಿಸಿ ಕೂಡಲೇ ದವಾಖಾನೆಗೆ ಹೋಗ್ರಿ. ಎಷ್ಟೋ ಸಲ ಕಿಡ್ನಿ ಕೆಡುವಾಗ ನೋವೇ ಇರಂಗಿಲ್ಲ, ರಕ್ತದಾಗ ಕ್ರಿಯಾಟಿನಿನ್ ನೋಡಿದರೇ ತಿಳಿಯೋದು. ಬೇಗ ಗೊತ್ತಾದರೆ ಬಹಳ ಸಲ ಕಿಡ್ನಿ ಚೇತರಿಸಿಕೊಳ್ಳತದ.

ಸಂಘದ ಗೆಳೆಯರಿಗೆ ಒಂದು ಮಾತು. ಈ ಸಲ ಕಬ್ಬಿನ ಹಂಗಾಮು ಶುರುವಾಗುವ ಮುಂಚೆ ಆರೋಗ್ಯ ಕೇಂದ್ರದವರನ್ನು ಓಣಿಗೆ ಕರೆಸಿ, ಬಿ.ಪಿ., ಶುಗರ್, ಕ್ರಿಯಾಟಿನಿನ್ ತಪಾಸಣೆ ಮಾಡಿಸೋಣ. ಹೊಲದಾಗ ಕುಡಿಯುವ ನೀರು, ನೆರಳು ಕೊಡ್ರಿ ಅಂತ ಮುಕಾದಮನಿಗೆ ಎಲ್ಲರೂ ಕೂಡಿ ಕೇಳೋಣ. ಬಾಬಾಸಾಹೇಬರು ಮಹಾಡದಾಗ ಕೆರೆಯ ನೀರಿಗಾಗಿ ನಿಂತರು. ನಾವು ಹೊಲದಾಗ ಒಂದು ಕೊಡ ನೀರು ಕೇಳಲಿಕ್ಕೆ ಯಾಕೆ ಅಂಜಬೇಕು?

ಜೈ ಭೀಮ್.